ಹಾಕ್ಕೊಂಡವರಿಗೆ ಚಪ್ಪಾಳೆ, ಮಾಡಿದವರಿಗೆ ಏನು?

ಭಾಗ 1/8

ಮೊದಲೇ ಹೇಳ್ತೀನಿ, ಇದು ಉದ್ದ ಇದೆ. ಎಂಟು ಪೋಸ್ಟ್. ಫೋಟೋಗೆ ಲೈಕ್ ಒತ್ತಿ ಮುಂದೆ ಹೋಗೋರು ಹೋಗಬಹುದು, ಬೇಜಾರಿಲ್ಲ. ಆದ್ರೆ ಹೋದ ವಾರ ನನ್ನ ಕವಚದ ಫೋಟೋ ಕೆಳಗೆ ಕಾಮೆಂಟ್ ಮಾಡಿದವರು ಮಾತ್ರ ದಯವಿಟ್ಟು ಕೊನೇವರೆಗೂ ಓದಿ.

ಕಾಮೆಂಟ್‌ಗಳನ್ನ ಎಣಿಸಿದೆ. "ಎಲ್ಲಿ ತಗೊಂಡೆ?" ಅಂತ ಕೇಳಿದವರು ಹದಿನೇಳು ಜನ. "ಎಷ್ಟು ಬಿತ್ತು?" ಅಂತ ಒಂಬತ್ತು. "ಬಾಡಿಗೆಗೆ ಕೊಡ್ತೀಯಾ?" ಅಂತ ಐದು. "ಹೇಗೆ ಮಾಡಿದೆ?" ಅಂತ ಕೇಳಿದವರು ಇಬ್ಬರು. ಅದರಲ್ಲಿ ಒಬ್ಬಳು ನನ್ನ ಚಿಕ್ಕಮ್ಮನ ಮಗಳು, ಎಂಟನೇ ಕ್ಲಾಸು.

ಮತ್ತೊಬ್ಬರು ಬರೆದದ್ದು: "ಬಿಕಾಂ ಓದೋರಿಗೆ ಯಾಕಪ್ಪಾ ಈ ಮಕ್ಕಳಾಟ? ಟೈಮ್ ವೇಸ್ಟ್."

ನನಗೆ ಈ ಕೊನೇ ಕಾಮೆಂಟಿಗಿಂತ ಮೊದಲಿನ ಹದಿನೇಳು ಜಾಸ್ತಿ ಚುಚ್ಚಿತು. ಯಾಕಂದ್ರೆ ಬೈದವರು ಕನಿಷ್ಠ ನಾನು ಏನೋ ಮಾಡಿದ್ದೀನಿ ಅಂತಾದ್ರೂ ಒಪ್ಪಿಕೊಂಡರು. ಉಳಿದವರಿಗೆ ಆ ವಸ್ತು ಮನೇಲಿ ತಯಾರಾಗಿರಬಹುದು ಅನ್ನೋ ಯೋಚನೆಯೇ ಬರಲಿಲ್ಲ. ಚೆನ್ನಾಗಿದೆ ಅಂದ್ರೆ ಅದು ಅಂಗಡಿಯದ್ದೇ. ಮನೇಲಿ ಮಾಡಿದ್ದು ಅಂದ್ರೆ ಅದು ಚೆನ್ನಾಗಿರಲ್ಲ. ನಮ್ಮ ತಲೇಲಿ ಈ ಲೆಕ್ಕ ಯಾವಾಗ ಕೂತಿತು?

ನಾನು ಈ ಸರಣಿಯಲ್ಲಿ ಹೇಳೋದು ಒಂದೇ ಮಾತು. ವೈಜ್ಞಾನಿಕ ಕಥೆಗಳ ಆ ಹೊಳೆಯೋ ಕವಚಗಳು ಶುರುವಿನಿಂದಲೂ ಕೈಯಲ್ಲೇ ಮಾಡಿದವು. ಕತ್ತರಿ, ಸೂಜಿ, ಗಮ್ಮು ಹಿಡಿದವರೇ ಮಾಡಿದವು. ಆದ್ರೆ ನಾವು ಚಪ್ಪಾಳೆ ಹೊಡೆಯೋದು ಹಾಕ್ಕೊಂಡವರಿಗೆ ಮಾತ್ರ. ನಮ್ಮ ಕಾಲೇಜು ಫೆಸ್ಟ್‌ಗಳು ಇದನ್ನೇ ನಿಯಮ ಮಾಡಿಬಿಟ್ಟಿವೆ. ಅದು ಬದಲಾಗಬೇಕು, ಈ ವರ್ಷವೇ.

ಭಾಗ 2/8

ಹೆಸರು ಬೇಡ. ಹೋದ ಸೆಮಿಸ್ಟರ್‌ನಲ್ಲಿ ಒಂದು ಅಂತರ ಕಾಲೇಜು ಫೆಸ್ಟ್. ಕಾಸ್ಟ್ಯೂಮ್ ಸ್ಪರ್ಧೆಗೆ ಹನ್ನೊಂದು ಜನ. ನಿಮ್ಮಲ್ಲಿ ಸುಮಾರು ಜನ ಅಲ್ಲಿದ್ದಿರಿ.

ಮೊದಲ ಬಹುಮಾನ ಬೆಂಗಳೂರಿನಿಂದ ಬಾಡಿಗೆಗೆ ತಂದ ಸೂಟಿಗೆ. ಎರಡನೇದೂ ಬಾಡಿಗೆಯದ್ದೇ. ತಂದವರ ಮೇಲೆ ನನಗೇನೂ ಕೋಪ ಇಲ್ಲ. ನಿಯಮದಲ್ಲಿ ಬಾಡಿಗೆ ಬೇಡ ಅಂತ ಎಲ್ಲೂ ಇರಲಿಲ್ಲ, ಅವರು ತಂದರು, ಚೆನ್ನಾಗಿ ನಡೆದರು, ಗೆದ್ದರು.

ಆರನೇ ನಂಬರಿಗೆ ಬಂದ ಹುಡುಗ ನೆನಪಿದ್ದಾನಾ? ಫಸ್ಟ್ ಇಯರ್. ಫ್ರಿಜ್ ಬಂದ ರಟ್ಟಿನ ಡಬ್ಬದಲ್ಲಿ ಪೂರ್ತಿ ಕವಚ ಮಾಡಿದ್ದ. ಮೊಣಕೈ ಹತ್ತಿರ ರಟ್ಟನ್ನ ಮೂರು ಪಟ್ಟಿ ಮಾಡಿ, ಒಂದರ ಮೇಲೊಂದು ಜಾರೋ ಹಾಗೆ ಹಳೇ ಅಂಗಿಯ ಗುಂಡಿ ಮತ್ತು ಎಲಾಸ್ಟಿಕ್ ಹಾಕಿ ಜೋಡಿಸಿದ್ದ. ಕೈ ಮಡಚಿದರೆ ಪಟ್ಟಿಗಳು ಒಳಗೆ ಹೋಗ್ತಿದ್ದವು, ಚಾಚಿದರೆ ವಾಪಸ್ ಬರ್ತಿದ್ದವು. ಉಕ್ಕಿನ ಕವಚ ಹೊಡೆಯುತ್ತಿದ್ದ ಕಮ್ಮಾರರು ಕೀಲುಗಳ ಹತ್ತಿರ ಮಾಡ್ತಿದ್ದದ್ದೂ ಇದೇ ಉಪಾಯ. ಆ ಹುಡುಗ ಅದನ್ನ ರಟ್ಟಿನಲ್ಲಿ ಸಾಧಿಸಿದ್ದ.

ಮೈಕ್ ಹಿಡಿದಿದ್ದವರು ಏನಂದ್ರು? "ರದ್ದಿ ಅಂಗಡಿಯಿಂದ ನೇರವಾಗಿ ನಮ್ಮ ವೇದಿಕೆಗೆ!" ಹಾಲ್ ಪೂರ್ತಿ ನಕ್ಕಿತು. ಜಡ್ಜ್‌ಗಳೂ ನಕ್ಕರು. ಆ ಮೊಣಕೈಯನ್ನ ಒಬ್ಬರೂ ಹತ್ತಿರ ಹೋಗಿ ನೋಡಲಿಲ್ಲ. ಅವನು ಊಟದ ಕೂಪನ್ ಕೂಡ ತಗೊಳ್ಳದೆ ಹೋದ.

ಮೊನ್ನೆ ಮಾತಾಡಿಸಿದೆ. "ಈ ವರ್ಷ ಬರ್ತೀಯಾ?" ಅಂದೆ. "ಇಲ್ಲ ಅಕ್ಕ, ಬಾಡಿಗೆಗೆ ದುಡ್ಡಿಲ್ಲ" ಅಂದ.

ಈ ಉತ್ತರ ಸರಿಯಾಗಿ ಕೇಳಿಸಿಕೊಳ್ಳಿ. ಮಾಡಕ್ಕೆ ಬರಲ್ಲ ಅಂತ ಅವನು ಹೇಳ್ತಿಲ್ಲ. ಮಾಡಕ್ಕೆ ಬರೋದು ಇಲ್ಲಿ ಲೆಕ್ಕಕ್ಕಿಲ್ಲ ಅನ್ನೋದನ್ನ ನಾವೆಲ್ಲ ಸೇರಿ ಅವನಿಗೆ ಕಲಿಸಿಬಿಟ್ಟಿದ್ದೀವಿ.

ಭಾಗ 3/8

ಈಗ ಸ್ವಲ್ಪ ಇತಿಹಾಸ. ಬೋರ್ ಹೊಡೆಸಲ್ಲ.

1939ರ ಜುಲೈ, ನ್ಯೂಯಾರ್ಕ್. ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನ. ಅಲ್ಲಿಗೆ ಇಬ್ಬರು ಭವಿಷ್ಯದ ಕಾಲದ ವೇಷ ಹಾಕ್ಕೊಂಡು ಬಂದರು. ಒಬ್ಬರು ಫಾರೆಸ್ಟ್ ಜೆ. ಆಕರ್ಮನ್. ಇನ್ನೊಬ್ಬರು ಮಿರ್ಟಲ್ ಡಗ್ಲಸ್, ಅಭಿಮಾನಿಗಳ ನಡುವೆ ಮೊರೊಜೊ ಅಂತಲೇ ಹೆಸರು. ಈಗ ನಾವು ಕಾಸ್‌ಪ್ಲೇ ಅಂತ ಕರೆಯೋ ಹವ್ಯಾಸದ ಕಥೆ ಹೇಳುವಾಗ ಈ ಇಬ್ಬರಿಂದಲೇ ಶುರು ಮಾಡೋದು ವಾಡಿಕೆ. ಬಹಳ ಕಾಲ ಎಲ್ಲರ ಬಾಯಲ್ಲಿ ಇದ್ದದ್ದು ಆಕರ್ಮನ್ ಹೆಸರು. ಆದ್ರೆ ಆ ಎರಡೂ ವೇಷ ಹೊಲಿದವರು ಯಾರು? ಮೊರೊಜೊ. ಹೊಲಿದವಳ ಹೆಸರು ಹಿಂದೆ ಉಳಿಯಿತು.

ಇನ್ನೊಂದು. 1969ರಲ್ಲಿ ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಕಾಲಿಟ್ಟಾಗ ಮೈಮೇಲಿದ್ದ ಸೂಟು. ಸಿನಿಮಾದ ಯಾವ ಕವಚವೂ ಅದರ ಮುಂದೆ ನಿಲ್ಲಲ್ಲ, ಯಾಕಂದ್ರೆ ಅದು ನಿಜವಾಗಿ ಜೀವ ಕಾಪಾಡಬೇಕಿತ್ತು. ಅದನ್ನ ತಯಾರಿಸಿದ್ದು ಪ್ಲೇಟೆಕ್ಸ್ ಹೆಸರಿನಲ್ಲಿ ಹೆಂಗಸರ ಒಳ ಉಡುಪು ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಲೇಟೆಕ್ಸ್ ಕಾರ್ಪೊರೇಷನ್, ಅಮೆರಿಕದ ಡೆಲವೇರ್ ರಾಜ್ಯದ ಡೋವರ್‌ನಲ್ಲಿ. ಪದರದ ಮೇಲೆ ಪದರ ಇಟ್ಟು ಹೊಲಿಗೆ ಯಂತ್ರದ ಮುಂದೆ ಕೂತು ಹೊಲಿದವರು ಹೆಂಗಸರು. ಒಂದು ಹೊಲಿಗೆ ದಾರಿ ತಪ್ಪಿದ್ರೆ ಒಬ್ಬ ಮನುಷ್ಯನ ಜೀವ ಹೋಗ್ತಿತ್ತು.

ಕ್ಲಾಸಿನಲ್ಲಿ ಯಾರನ್ನಾದರೂ ಕೇಳಿ, ಆರ್ಮ್‌ಸ್ಟ್ರಾಂಗ್ ಯಾರು ಅಂತ. ಎಲ್ಲರಿಗೂ ಗೊತ್ತು. ಅವರ ಸೂಟು ಹೊಲಿದ ಒಬ್ಬರ ಹೆಸರು ಹೇಳಿ ಅಂದ್ರೆ?

ನಮ್ಮ ಫೆಸ್ಟಿನ ವೇದಿಕೆ ಮೇಲೆ ನಡೆದದ್ದು ಹೊಸದೇನಲ್ಲ. ಹಳೇ ಅಭ್ಯಾಸ. ಹಳೇದು ಅಂದ ಮಾತ್ರಕ್ಕೆ ಸರಿ ಆಗಲ್ಲ.

ಭಾಗ 4/8

"ಅದೆಲ್ಲ ಸರಿ, ಆದ್ರೆ ಈಗ 3ಡಿ ಪ್ರಿಂಟರ್ ಇಲ್ಲದೆ ಯಾರು ಮಾಡ್ತಾರೆ? ಅದು ದುಡ್ಡಿರೋರ ಆಟ." ಇದು ನನಗೆ ಡಿಎಂನಲ್ಲಿ ಬಂದ ಮಾತು.

ಸ್ಟಾರ್ ವಾರ್ಸ್ ಮೊದಲ ಸಿನಿಮಾ ತೆರೆಗೆ ಬಂದದ್ದು 1977ರಲ್ಲಿ. ಆಗ ಯಾರ ಹತ್ತಿರ 3ಡಿ ಪ್ರಿಂಟರ್ ಇತ್ತು? ಬಿಳಿ ಕವಚದ ಸ್ಟಾರ್ಮ್‌ಟ್ರೂಪರ್ ಸೈನಿಕರು ನೆನಪಿದ್ದಾರಲ್ಲ, ಅವರ ಕವಚ ಬರೀ ಪ್ಲಾಸ್ಟಿಕ್ ಹಾಳೆ. ಹಾಳೆ ಬಿಸಿ ಮಾಡಿ, ಮೆತ್ತಗಾದ ಮೇಲೆ ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದು ಕೂರಿಸೋದು. ನಾವು ಮಾತ್ರೆ ತಗೊಳ್ತೀವಲ್ಲ, ಅದರ ಪ್ಲಾಸ್ಟಿಕ್ ಪಟ್ಟಿಯಲ್ಲಿ ಗುಳಿ ಮಾಡೋದೂ ಹೆಚ್ಚುಕಮ್ಮಿ ಇದೇ ಥರ. ಲ್ಯೂಕ್ ಸ್ಕೈವಾಕರ್ ಕೈಯಲ್ಲಿದ್ದ ಬೆಳಕಿನ ಕತ್ತಿಯ ಹಿಡಿ? ಹಳೇ ಗ್ರಾಫ್ಲೆಕ್ಸ್ ಕ್ಯಾಮೆರಾದ ಫ್ಲ್ಯಾಶ್ ಹಿಡಿ. ಅದಕ್ಕೆ ಒಂದಿಷ್ಟು ಚೂರುಪಾರು ಅಂಟಿಸಿ ತಯಾರು ಮಾಡಿದ್ದು ಸೆಟ್ ಅಲಂಕಾರದ ರೋಜರ್ ಕ್ರಿಶ್ಚಿಯನ್. ಆ ಸಿನಿಮಾದ ಕಲಾ ನಿರ್ದೇಶನಕ್ಕೆ ಆಸ್ಕರ್ ಬಂದಾಗ ಹಂಚಿಕೊಂಡವರಲ್ಲಿ ಅವರೂ ಒಬ್ಬರು.

ರದ್ದಿಯಿಂದ ಆಸ್ಕರ್‌ವರೆಗೆ. ನಾವು ರದ್ದಿ ಅಂತ ನಕ್ಕೆವು.

3ಡಿ ಪ್ರಿಂಟರ್ ಬೇಡ ಅಂತ ನಾನು ಹೇಳಲ್ಲ. ಇದ್ದವರು ಬಳಸಿ, ಅದರಲ್ಲೂ ಉಜ್ಜೋದು, ತುಂಬೋದು, ಬಣ್ಣ ಹಚ್ಚೋದು ಅಂತ ಕೈಕೆಲಸ ಬೇಕಾದಷ್ಟಿದೆ. ಆದ್ರೆ "ಅದಿಲ್ಲ, ಅದಕ್ಕೇ ಮಾಡಲ್ಲ" ಅನ್ನೋದು ಬರೀ ನೆಪ. ಪ್ರಪಂಚದ ಎಷ್ಟೋ ಮನೆಗಳಲ್ಲಿ ಕವಚ ಮಾಡೋದು ಇವಿಎ ಫೋಮ್‌ನಲ್ಲಿ. ಏನದು ಅಂತೀರಾ? ಚಿಕ್ಕ ಮಕ್ಕಳು ಆಡೋ ಕಡೆ ನೆಲಕ್ಕೆ ಹಾಸ್ತಾರಲ್ಲ, ಒಂದಕ್ಕೊಂದು ಸಿಕ್ಕಿಸೋ ಬಣ್ಣದ ಮ್ಯಾಟು. ಅದೇ. ನಿಮ್ಮ ಚಪ್ಪಲಿಯ ಅಟ್ಟೆಯೂ ಬಹುಶಃ ಅದೇ.

ಮುಂದಿನ ಪೋಸ್ಟಿನಲ್ಲಿ ಮಾಡೋದು ಹೇಗೆ ಅಂತ ಪೂರ್ತಿ ಬರೀತೀನಿ. ಸೇವ್ ಮಾಡ್ಕೊಳ್ಳಿ.

ಭಾಗ 5/8

ನಾನು ಮಾಡಿದ್ದು ಮಾಂಡಲೋರಿಯನ್ ಥರದ ಕವಚ. 2019ರ ಸೀರೀಸ್ ನೋಡಿದವರಿಗೆ ಗೊತ್ತು. ಮೊದಲ ಸಲ ಮಾಡೋರಿಗೆ ಇದೇ ಒಳ್ಳೇದು, ಯಾಕಂದ್ರೆ ಎದೆ, ಭುಜ, ಮುಂಗೈ, ತೊಡೆ, ಮಂಡಿ ಎಲ್ಲ ಬೇರೆ ಬೇರೆ ತುಂಡು. ಒಂದೊಂದೇ ಮುಗಿಸಬಹುದು.

ಅಳತೆ: ಹಳೇ ಟೀಶರ್ಟ್ ಹಾಕ್ಕೊಳ್ಳಿ. ಮೇಲೆ ತೆಳು ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ಪೇಂಟರ್‌ಗಳು ಬಳಸೋ ಮಾಸ್ಕಿಂಗ್ ಟೇಪ್ ಅಂಟಿಸಿ. ಟೇಪಿನ ಮೇಲೆ ಮಾರ್ಕರ್‌ನಲ್ಲಿ ಕವಚದ ಗೆರೆ ಎಳೆದು, ಬೇರೆಯವರ ಕೈಲಿ ಹುಷಾರಾಗಿ ಕತ್ತರಿಸಿಸಿ ಬಿಚ್ಚಿ. ಚಪ್ಪಟೆ ಮಾಡಿದರೆ ಅದೇ ನಿಮ್ಮ ಮೈಗೆ ಸರಿಯಾದ ಪ್ಯಾಟರ್ನ್.

ಉಬ್ಬು: ಚಪ್ಪಟೆ ಹಾಳೆ ಎದೆ ಮೇಲೆ ಹೇಗೆ ಕೂರುತ್ತೆ? ಇದನ್ನ ಹೇಳಿಕೊಟ್ಟಿದ್ದು ಅಮ್ಮ. ಬ್ಲೌಸಿಗೆ ಟಕ್ಸ್ ಹಿಡಿತಾರಲ್ಲ, ಅದೇ ಲೆಕ್ಕ. ಅಂಚಿನಿಂದ ತ್ರಿಕೋನ ಕತ್ತರಿಸಿ ತೆಗೆದು, ಎರಡು ಬದಿ ಸೇರಿಸಿ ಅಂಟಿಸಿದರೆ ಫೋಮ್ ತಾನಾಗೇ ಉಬ್ಬುತ್ತೆ. ಯೂಟ್ಯೂಬಿನಲ್ಲಿ ಇದಕ್ಕೆ ದೊಡ್ಡ ದೊಡ್ಡ ಹೆಸರಿದೆ. ನಮ್ಮೂರಿನ ಪ್ರತಿ ಟೈಲರ್‌ಗೂ ಇದು ಗೊತ್ತು.

ಅಂಟು: ಚಪ್ಪಲಿ ರಿಪೇರಿಗೆ, ಲ್ಯಾಮಿನೇಟ್ ಅಂಟಿಸಕ್ಕೆ ಬಳಸೋ ರಬ್ಬರ್ ಗಮ್ಮು. ಎರಡೂ ಬದಿಗೆ ತೆಳುವಾಗಿ ಹಚ್ಚಿ. ಮುಟ್ಟಿದರೆ ಕೈಗೆ ಮೆತ್ತಬಾರದು, ಆದ್ರೆ ಜಿಗುಟು ಇರಬೇಕು. ಅಲ್ಲೀವರೆಗೆ ಕಾದು ಆಮೇಲೆ ಒತ್ತಿ. ಒಂದ್ಸಲ ಕೂತರೆ ಎಬ್ಬಿಸೋದು ಕಷ್ಟ, ಅದಕ್ಕೆ ಗುರುತು ಹಾಕ್ಕೊಂಡೇ ಜೋಡಿಸಿ.

ಆಕಾರ: ಹೀಟ್ ಗನ್‌ನಿಂದ ಬಿಸಿ ಮಾಡಿದರೆ ಫೋಮ್ ಮೆತ್ತಗಾಗುತ್ತೆ, ಆರಿದಾಗ ಅದೇ ಆಕಾರದಲ್ಲಿ ನಿಲ್ಲುತ್ತೆ. ನನ್ನ ಭುಜದ ತುಂಡುಗಳನ್ನ ಕೂರಿಸಿದ್ದು ಸ್ಟೀಲ್ ಬಿಂದಿಗೆಯ ಹೊಟ್ಟೆ ಮೇಲೆ. ಬಿಸಿ ತಾಗಿದಾಗ ಮೇಲ್ಮೈಯ ರಂಧ್ರಗಳೂ ಮುಚ್ಚಿ ನುಣುಪಾಗುತ್ತೆ.

ಬಣ್ಣ: ಮೊದಲು ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ ಮೂರ್ನಾಲ್ಕು ಕೋಟ್. ಒಣಗಿದ ಮೇಲೆ ಕಪ್ಪು. ಆಮೇಲೆ ಬ್ರಷ್ಷಿನ ಬೆಳ್ಳಿ ಬಣ್ಣವನ್ನ ಬಟ್ಟೆಗೆ ಒರೆಸಿ, ಉಳಿದದ್ದನ್ನ ಅಂಚುಗಳಿಗೆ ಮಾತ್ರ ಸವರಿ. ಸವೆದ ಲೋಹದ ಹಾಗೆ ಕಾಣುತ್ತೆ.

ಹುಷಾರು: ಗಮ್ಮಿನ ಹೊಗೆ ತಲೆ ತಿರುಗಿಸುತ್ತೆ, ಬೆಂಕಿಯನ್ನೂ ಬೇಗ ಹಿಡಿಯುತ್ತೆ. ಟೆರೇಸ್ ಮೇಲೆ ಮಾಡಿ, ಒಲೆ ಹತ್ತಿರ ಬೇಡ, ಹಚ್ಚಿ ಆರೋವರೆಗೆ ಹೀಟ್ ಗನ್ನೂ ಹತ್ತಿರ ತರಬೇಡಿ. ಫೋಮ್ ಉಜ್ಜುವಾಗ ಮಾಸ್ಕ್ ಹಾಕಿ. ಬ್ಲೇಡ್ ಮೊಂಡಾದ ತಕ್ಷಣ ಬದಲಿಸಿ, ಮೊಂಡು ಬ್ಲೇಡೇ ಜಾರಿ ಕೈ ಕುಯ್ಯೋದು. ಹೆಲ್ಮೆಟ್ ಒಳಗೆ ಸಣ್ಣ ಫ್ಯಾನ್ ಇಡಿ, ಆಗಾಗ ತೆಗೆದು ನೀರು ಕುಡೀರಿ. ಆಟಿಕೆ ಗನ್ ಇದ್ದರೆ ಬಸ್ಸು, ರೈಲಲ್ಲಿ ಬ್ಯಾಗಿನ ಒಳಗೇ ಇರಲಿ.

ಭಾಗ 6/8

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ. "ಬಿಕಾಂ ಓದೋರಿಗೆ ಯಾಕೆ?" ಅಂದ್ರಲ್ಲ, ತಗೊಳ್ಳಿ ಕಾಸ್ಟ್ ಶೀಟ್.

ನೆಲದ ಫೋಮ್ ಮ್ಯಾಟು ಎರಡು ಸೆಟ್: ₹1,300
ತೆಳು ಇವಿಎ ಶೀಟು: ₹420
ರಬ್ಬರ್ ಗಮ್ಮು: ₹380
ಕಟರ್, ಬ್ಲೇಡು: ₹150
ಹೀಟ್ ಗನ್: ₹1,200. ನಾಲ್ಕು ಕವಚಕ್ಕಾದರೂ ಬರುತ್ತೆ, ಅದಕ್ಕೆ ಈ ಕವಚದ ಪಾಲು ₹300
ಬಣ್ಣ, ಫೆವಿಕಾಲ್: ₹550
ಎಲಾಸ್ಟಿಕ್, ವೆಲ್ಕ್ರೋ, ಬಕಲ್: ₹260
ಹೆಲ್ಮೆಟ್ಟಿನ ಕಪ್ಪು ಹಾಳೆ: ₹120
ಎಸ್.ಪಿ. ರಸ್ತೆಯಿಂದ ತಂದ ಪುಟ್ಟ ಫ್ಯಾನ್, ಎಲ್‌ಇಡಿ: ₹220
ಒಟ್ಟು: ₹3,700

ಬಾಡಿಗೆಗೆ ವಿಚಾರಿಸಿದಾಗ ನನಗೆ ಹೇಳಿದ್ದು ದಿನಕ್ಕೆ ₹2,500, ಡೆಪಾಸಿಟ್ ಬೇರೆ. ರೆಡಿಮೇಡ್ ಕೊಂಡರೆ ₹18,000. ಸುಳ್ಳು ಹೇಳಲ್ಲ, ಒಂದೇ ದಿನ ಹಾಕ್ಕೊಳ್ಳೋದಾದ್ರೆ ಬಾಡಿಗೆನೇ ಅಗ್ಗ. ಎರಡನೇ ದಿನಕ್ಕೆ ಲೆಕ್ಕ ತಿರುಗಿ ಬೀಳುತ್ತೆ.

"ನಿನ್ನ ಕೂಲಿ ಎಲ್ಲಿ ಹಿಡಿದೆ?" ಅಂತ ಕಾಸ್ಟಿಂಗ್ ಚೆನ್ನಾಗಿ ಓದಿದವರು ಕೇಳ್ತಾರೆ. ಹಿಡಿಯೋಣ. ಏಳು ವಾರ, ಒಟ್ಟು 90 ಗಂಟೆ. ಗಂಟೆಗೆ ₹80 ಹಾಕಿದರೆ ₹7,200. ಎಲ್ಲ ಸೇರಿ ₹10,900. ಈಗಲೂ ಕೊಳ್ಳೋದಕ್ಕಿಂತ ಕಡಿಮೆ. ಆದ್ರೆ ನಿಜವಾದ ಪ್ರಶ್ನೆ ಬೇರೆ. ಮಾಡೋದಾ, ಕೊಳ್ಳೋದಾ ಅಂತ ನಿರ್ಧಾರ ಮಾಡುವಾಗ ಆ ಗಂಟೆಗಳಲ್ಲಿ ಬೇರೆ ಏನು ಗಳಿಸ್ತಿದ್ದೆ ಅಂತ ನೋಡಬೇಕು. ನನ್ನದು ರಾತ್ರಿ ಒಂಬತ್ತರಿಂದ ಹನ್ನೊಂದು. ಆ ಹೊತ್ತಲ್ಲಿ ನೀವೂ ನಾನೂ ಏನು ಮಾಡ್ತಿರ್ತೀವಿ ಅಂತ ನಮ್ಮ ಫೋನಿನ ಸ್ಕ್ರೀನ್ ಟೈಮೇ ಹೇಳುತ್ತೆ. ಅದರ ಅವಕಾಶ ವೆಚ್ಚ ಎಷ್ಟು ಅಂತ ನೀವೇ ಬರೆದುಕೊಳ್ಳಿ.

ನಾಲ್ಕು ಸೆಮಿಸ್ಟರ್ ವೇಸ್ಟೇಜ್ ಬಗ್ಗೆ ಲೆಕ್ಕ ಮಾಡಿದ್ದೀನಿ. ಒಂದು ಮ್ಯಾಟಿನಲ್ಲಿ ತುಂಡುಗಳನ್ನ ಹೇಗೆ ಇಟ್ಟರೆ ಕಡಿಮೆ ಚೂರು ಉಳಿಯುತ್ತೆ ಅಂತ ಕೂತು ಯೋಚಿಸಿದಾಗಲೇ ಅದು ಪುಸ್ತಕದಿಂದ ಹೊರಗೆ ಬಂದದ್ದು. ಟೈಮ್ ವೇಸ್ಟ್ ಅಂದವರೇ, ಇದು ಪ್ರಾಕ್ಟಿಕಲ್ ಕ್ಲಾಸು. ಫೀಸು ₹3,700.

ಭಾಗ 7/8

"ಇದೆಲ್ಲ ಫಾರಿನ್ ಹುಚ್ಚು" ಅಂತ ಒಬ್ಬರು ದೊಡ್ಡವರು ಮನೇಲಿ ಹೇಳಿದರು. ದೊಡ್ಡವರಿಗೆ ಎದುರು ಮಾತಾಡಲಿಲ್ಲ, ಇಲ್ಲಿ ಬರೀತೀನಿ.

ಕಥೆ ಫಾರಿನ್‌ದು, ಒಪ್ಪಿದೆ. ವೇಷ ಕಟ್ಟೋದು ಮಾತ್ರ ನಮ್ಮದೇ. ನಮ್ಮ ತುಮಕೂರು ಸೀಮೆಯ ಮೂಡಲಪಾಯದಲ್ಲಿ ನೋಡಿ, ಕರಾವಳಿಯ ಯಕ್ಷಗಾನದಲ್ಲಿ ನೋಡಿ. ಕಿರೀಟ, ಭುಜಕೀರ್ತಿ, ಎದೆ ಮೇಲಿನ ಆಭರಣ. ಭುಜಕೀರ್ತಿ ಅಂದ್ರೆ ಏನು? ಸಿನಿಮಾ ಕವಚದಲ್ಲಿ ಭುಜದ ಮೇಲೆ ಕೂರೋ ತುಂಡೇ, ಹೆಸರು ಮಾತ್ರ ಇನ್ನೂ ಚೆನ್ನಾಗಿದೆ. ಯಕ್ಷಗಾನದ ಸಾಂಪ್ರದಾಯಿಕ ಆಭರಣ ಹಗುರ ಮರದಲ್ಲಿ ಕೆತ್ತಿದ್ದು, ಮೇಲೆ ಚಿನ್ನದ ಬಣ್ಣದ ಬೇಗಡೆ, ಕನ್ನಡಿ ಚೂರು. ದೂರದಿಂದ ಬಂಗಾರ, ಕೈಗೆ ತಗೊಂಡರೆ ಹಗುರ, ರಾತ್ರಿಯಿಡೀ ಹಾಕ್ಕೊಂಡು ಕುಣಿಯಬಹುದು. ಫೋಮ್ ಕವಚದ ಗುರಿಯೂ ಅಕ್ಷರಶಃ ಇದೇ: ಭಾರ ಅನ್ನಿಸಬೇಕು, ಭಾರ ಇರಬಾರದು.

ಇನ್ನೊಂದು ವಿಷಯ. ಯಕ್ಷಗಾನದ ಚೌಕಿಗೆ ಹೋಗಿ ನೋಡಿ. ಕಲಾವಿದರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಬರ್ಕೋತಾರೆ. ತೆಂಕುತಿಟ್ಟಿನ ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಸೇರಿಸಿ ಒಂದೊಂದೇ ಚುಟ್ಟಿ ಇಡ್ತಾ ಗಂಟೆಗಟ್ಟಲೆ ಕೂರ್ತಾರೆ. ಅಲ್ಲಿ ವೇಷ ಮಾಡಿಕೊಳ್ಳೋದೂ ಕಲೆಯೇ, ಕುಣಿಯೋದೂ ಕಲೆಯೇ. ಒಂದನ್ನ ಬಿಟ್ಟು ಇನ್ನೊಂದಕ್ಕೆ ಬೆಲೆ ಕಟ್ಟಲ್ಲ.

ಇಂಥ ನಾಡಿನವರು ನಾವು, ರಟ್ಟಿನ ಮೊಣಕೈ ನೋಡಿ ನಕ್ಕೆವು. ಫಾರಿನ್ ಹುಚ್ಚು ಅಂತ ಕರೆಯೋದಾದ್ರೆ, ಕೈಯಲ್ಲಿ ಮಾಡಿದ್ದನ್ನ ಕೀಳು ಅಂತ ನೋಡೋ ಬುದ್ಧಿಯನ್ನ ಮೊದಲು ಕರೀರಿ.

ಭಾಗ 8/8

ಬರೀ ಬೈದು ಹೋಗಲ್ಲ. ನಮ್ಮ ಕಾಲೇಜಿನ ಫೆಸ್ಟ್ ಕಮಿಟಿ ಮುಂದಿನ ವಾರ ಸ್ಪರ್ಧೆಗಳ ನಿಯಮ ಬರೆಯುತ್ತೆ. ನಾನು ನಾಲ್ಕು ನಿಯಮ ಬರೆದು ಕೊಡ್ತಿದ್ದೀನಿ.

ಒಂದು. ಸ್ವಂತ ಮಾಡಿದ್ದಕ್ಕೆ ಒಂದು ವಿಭಾಗ, ಕೊಂಡದ್ದು ಮತ್ತು ಬಾಡಿಗೆಯದ್ದಕ್ಕೆ ಇನ್ನೊಂದು. ಎರಡಕ್ಕೂ ಸಮ ಬಹುಮಾನ.

ಎರಡು. ಸ್ವಂತ ವಿಭಾಗಕ್ಕೆ ಬರೋರು ಮಾಡುವಾಗಿನ ಐದು ಫೋಟೋ ಮತ್ತು ಖರ್ಚಿನ ಪಟ್ಟಿ ಕೊಡಬೇಕು.

ಮೂರು. ವೇದಿಕೆಗೆ ಮುಂಚೆ ಜಡ್ಜ್‌ಗಳು ಹತ್ತಿರದಿಂದ ನೋಡಿ ಪ್ರಶ್ನೆ ಕೇಳಬೇಕು. ಯಾವ ಗಮ್ಮು, ಎಷ್ಟು ಹೊತ್ತು ಕಾದೆ, ಈ ಕೀಲು ಹೇಗೆ ಮಡಚುತ್ತೆ. ಮಾಡಿದವರಿಗೆ ಉತ್ತರ ಬಾಯಲ್ಲೇ ಇರುತ್ತೆ. ಇದು ನನ್ನ ಕಲ್ಪನೆ ಅಲ್ಲ. ಹೊರಗಿನ ಎಷ್ಟೋ ದೊಡ್ಡ ಸ್ಪರ್ಧೆಗಳಲ್ಲಿ ಕೈಕೆಲಸಕ್ಕೇ ಬೇರೆ ಅಂಕ ಇದೆ, ಜಪಾನಿನ ನಗೋಯಾದಲ್ಲಿ 2003ರಿಂದ ನಡೀತಿರೋ ವಿಶ್ವ ಕಾಸ್‌ಪ್ಲೇ ಶೃಂಗಸಭೆಯಲ್ಲಿ ಸ್ಪರ್ಧಿಗಳು ವೇಷವನ್ನ ತಾವೇ ಮಾಡಿರಬೇಕು.

ನಾಲ್ಕು, ನನಗೆ ಮುಖ್ಯವಾದದ್ದು. ಬೇರೆಯವರ ಕೈಲಿ ಮಾಡಿಸಿದರೆ ಮಾಡಿದವರ ಹೆಸರನ್ನ ಮೈಕಿನಲ್ಲಿ ಓದಬೇಕು. ದುಡ್ಡು ಕೊಟ್ಟು ಮಾಡಿಸೋದು ತಪ್ಪೇನಲ್ಲ, ಟೈಲರ್‌ಗೂ ಕೆಲಸ ಸಿಗುತ್ತೆ. ಅವರ ಹೆಸರು ನುಂಗೋದು ತಪ್ಪು.

"ಬಾಡಿಗೆಯವರಿಗೆ ಅವಮಾನ ಆಗಲ್ವಾ?" ಅಂತ ಕಮಿಟಿಯ ಗೆಳತಿಯೊಬ್ಬಳು ಕೇಳಿದಳು. ಯಾಕೆ ಆಗಬೇಕು? ಅವರ ನಡಿಗೆ, ಅಭಿನಯ ಎಲ್ಲಕ್ಕೂ ಅವರ ವಿಭಾಗದಲ್ಲಿ ಅಂಕ ಇದೆ. ಇಲ್ಲೀವರೆಗೆ ಅವಮಾನ ಆಗಿದ್ದು ಇನ್ನೊಂದು ಕಡೆಯವರಿಗೆ, ಆಗ ಈ ಪ್ರಶ್ನೆ ಯಾರೂ ಕೇಳಲಿಲ್ಲ.

ಈಗ ನಿಮ್ಮ ಕೆಲಸ. ನಿಯಮಗಳು ಒಪ್ಪಿಗೆ ಇದ್ದರೆ ಸೋಮವಾರ ಕ್ಯಾಂಟೀನ್ ಪಕ್ಕದ ಬೋರ್ಡಿನ ಹತ್ತಿರ ಇರ್ತೀನಿ, ಬಂದು ಸಹಿ ಹಾಕಿ. ಒಪ್ಪಿಗೆ ಇಲ್ಲದಿದ್ದರೂ ಬನ್ನಿ, ಜಗಳ ಆಡೋಣ. ಬೇರೆ ಕಾಲೇಜಿನವರು ನಿಮ್ಮ ಕಮಿಟಿಗೆ ಇದನ್ನೇ ಕಳಿಸಿ. ರಟ್ಟೋ, ಫೋಮೋ, ಹಳೇ ಸೀರೆಯೋ, ನೀವು ಮಾಡಿದ್ದರ ಫೋಟೋ ಹಾಕಿ, ಜೊತೆಗೆ ಹೇಗೆ ಮಾಡಿದ್ರಿ ಅಂತ ಎರಡು ಸಾಲು ಬರೀರಿ. ಅರ್ಧ ಆಗಿದ್ದರೂ ಪರವಾಗಿಲ್ಲ, ಟ್ಯಾಗ್ ಮಾಡಿದವರದ್ದೆಲ್ಲ ನನ್ನ ಸ್ಟೋರಿಯಲ್ಲಿ ಹಾಕ್ತೀನಿ.

ಮತ್ತೆ, ಮುಂದಿನ ಸಲ ಯಾರದ್ದಾದ್ರೂ ಕವಚ ಇಷ್ಟ ಆದ್ರೆ "ಎಲ್ಲಿ ತಗೊಂಡೆ?" ಅಂತ ಕೇಳೋ ಮುಂಚೆ "ಯಾರು ಮಾಡಿದ್ದು?" ಅಂತ ಕೇಳಿ.

#ನಾನೇಮಾಡಿದ್ದು #ಯಾರುಮಾಡಿದ್ದು #ಫೋಮ್‌ಕವಚ #ಕನ್ನಡಕಾಸ್‌ಪ್ಲೇ